ಪೋರ್ಟಿಂಗ್: ಹಳೇ ಸಾಫ್ಟ್‌ವೇರ್ ಹೊಸ ಪ್ರೊಸೆಸರ್‌ಗೆ ಹೋಗುವುದು ಹೇಗೆ?

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಮಂಡಿ ಇಟ್ಟುಕೊಂಡವರೊಬ್ಬರು ಹೊಸ ಕಂಪ್ಯೂಟರ್ ತಂದರು ಅಂದುಕೊಳ್ಳಿ. ಬಾಕ್ಸ್ ಎಷ್ಟು, ರೇಟ್ ಎಷ್ಟು, ಕಮಿಷನ್ ಎಷ್ಟು, ಹಮಾಲಿ ಎಷ್ಟು ಅಂತ ಲೆಕ್ಕ ಹಾಕಿ ಬಿಲ್ ಕೊಡುವ, ವಿಂಡೋಸ್‌ಗೂ ಮುಂಚಿನ ಡಾಸ್ ಕಾಲದ ಪ್ರೋಗ್ರಾಂ ಅವರ ಹತ್ತಿರ ಇದೆ. ಪೆನ್‌ಡ್ರೈವ್‌ನಲ್ಲಿ ಕಾಪಿ ಮಾಡಿ ಹೊಸದಕ್ಕೆ ಹಾಕಿದರೆ, ಈ ಪಿಸಿಯಲ್ಲಿ ಇದು ಓಡಲ್ಲ ಅನ್ನುವ ಮೆಸೇಜ್ ಬರುತ್ತದೆ. ಫೈಲ್ ಕೆಟ್ಟಿಲ್ಲ, ವೈರಸ್ಸೂ ಇಲ್ಲ. ಪ್ರೋಗ್ರಾಂ 16 ಬಿಟ್‌ನದು, ಅಂದರೆ ಒಂದು ಸಲಕ್ಕೆ 16 ಬಿಟ್ (0 ಅಥವಾ 1) ಹಿಡಿಯುವ ಹಳೇ ಚಿಪ್‌ಗೆ ಬರೆದದ್ದು. ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ, ಮತ್ತು 64 ಬಿಟ್ ವಿಂಡೋಸ್ 16 ಬಿಟ್ ಪ್ರೋಗ್ರಾಂಗಳನ್ನು ಓಡಿಸುವುದಿಲ್ಲ.

ಒಂದು ಬಗೆಯ ಯಂತ್ರಕ್ಕೆ ಬರೆದ ಸಾಫ್ಟ್‌ವೇರನ್ನು ಇನ್ನೊಂದು ಬಗೆಯದರಲ್ಲಿ ಓಡುವ ಹಾಗೆ ಮಾಡುವ ಕೆಲಸಕ್ಕೆ ಪೋರ್ಟಿಂಗ್ ಅನ್ನುತ್ತಾರೆ.

ಹೊಸ ಚಿಪ್‌ಗೆ ಶಕ್ತಿ ಜಾಸ್ತಿ ಅಲ್ವಾ, ಹಳೇದನ್ನು ಓಡಿಸೋಕೆ ಏನು ಕಷ್ಟ? ಇಲ್ಲಿ ಬೇಕಿರುವುದು ಶಕ್ತಿ ಅಲ್ಲ. ಪ್ರತಿ ಪ್ರೊಸೆಸರ್ ಕುಟುಂಬಕ್ಕೂ ತನ್ನದೇ ಆಜ್ಞೆಗಳಿವೆ. ಇಂಟೆಲ್, ಎಎಂಡಿ ಚಿಪ್‌ಗಳದ್ದು ಎಕ್ಸ್86. ಅದರಲ್ಲಿ ಒಂದು ಆಜ್ಞೆ 1 ಬೈಟ್ (8 ಬಿಟ್) ಇರಬಹುದು, 15 ಬೈಟ್‌ವರೆಗೂ ಹೋಗಬಹುದು. ನಮ್ಮ ಫೋನ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಆರ್ಮ್. 64 ಬಿಟ್ ಆರ್ಮ್‌ನಲ್ಲಿ ಪ್ರತಿ ಆಜ್ಞೆಯೂ 4 ಬೈಟ್. ಎರಡು ಸಂಖ್ಯೆ ಕೂಡಿಸು ಅನ್ನುವುದಕ್ಕೇ ಇಲ್ಲಿ ಒಂದು ಬರಹ, ಅಲ್ಲಿ ಇನ್ನೊಂದು.

ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಂ ಬರೆದವರ ಮೂಲ ಬರಹ, ಸಿಗದಿದ್ದರೆ ಹಳೇ ಯಂತ್ರದ ಹಾಗೆ ನಟಿಸುವ ಎಮ್ಯುಲೇಟರ್ ಅನ್ನುವ ಸಾಫ್ಟ್‌ವೇರ್ ಒಂದು ಆಸರೆ. ಹಿಂದಿ ಮಾತ್ರ ಬರುವ ಖರೀದಿದಾರನಿಗೂ ನಮ್ಮ ರೈತನಿಗೂ ನಡುವೆ ನಿಂತು ಮಾತು ದಾಟಿಸುವವರ ಹಾಗೆ, ಅದು ಹಳೇ ಆಜ್ಞೆಗಳನ್ನು ಹೊಸ ಚಿಪ್‌ಗೆ ತಿಳಿಯುವಂತೆ ಹೇಳುತ್ತದೆ. ಆ್ಯಪಲ್ 2020ರಲ್ಲಿ ಇಂಟೆಲ್ ಬಿಟ್ಟು ತನ್ನದೇ ಆರ್ಮ್ ಚಿಪ್‌ಗೆ ಬಂದಾಗ, ರೊಸೆಟ್ಟಾ 2 ಅನ್ನುವ ಅದರ ಸಾಫ್ಟ್‌ವೇರ್ ಇಂಥದ್ದೇ ಕೆಲಸ ಮಾಡಿತು. ಡಾಸ್ ಪ್ರೋಗ್ರಾಂಗಳಿಗೆ ಡಾಸ್‌ಬಾಕ್ಸ್ ಅನ್ನುವ ಎಮ್ಯುಲೇಟರ್ ಇದೆ. ಆದರೆ ಅದನ್ನು ಮಾಡಿದ್ದು ಆಟಗಳಿಗೆ. ಪ್ರಿಂಟರ್‌ಗೆ ಕಳಿಸುವ ಸೌಲಭ್ಯ ಮೂಲ ಡಾಸ್‌ಬಾಕ್ಸ್‌ನಲ್ಲಿಲ್ಲ, ಹಾಗಾಗಿ ಮಂಡಿಗೆ ಅದೊಂದೇ ಸಾಲದು.

ಸೋರ್ಸ್ ಕೋಡ್ ಕೈಯಲ್ಲಿದ್ದರೆ ಕಥೆಯೇ ಬೇರೆ. ಹೊಸ ಚಿಪ್‌ಗೆ ಮತ್ತೆ ಕಂಪೈಲ್ ಮಾಡಬಹುದು, ಅಂದರೆ ಮೂಲ ಬರಹವನ್ನು ಆ ಚಿಪ್‌ನ ಆಜ್ಞೆಗಳಿಗೆ ಬದಲಾಯಿಸಬಹುದು. 1991ರಲ್ಲಿ ಇಂಟೆಲ್‌ನ 386 ಚಿಪ್‌ಗಾಗಿ ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂ ಬರೆದಾಗ, ಇದು ಬೇರೆ ಯಂತ್ರಕ್ಕೆ ಹೋಗುವಂಥದ್ದಲ್ಲ ಅಂತ ಲಿನಸ್ ಟೊರ್ವಾಲ್ಡ್ಸ್ ಅವರೇ ಹೇಳಿದ್ದರು. ಆದರೆ ಸೋರ್ಸ್ ಎಲ್ಲರಿಗೂ ಸಿಗುತ್ತಿತ್ತು. 1995ರ ಹೊತ್ತಿಗೆ ಅದು ಆಲ್ಫಾ, ಸ್ಪಾರ್ಕ್ ಚಿಪ್‌ಗಳಿಗೂ ಹೋಯಿತು. ಇವತ್ತು ಮಂಡಿ ರೇಟ್ ನೋಡುವ ಆಂಡ್ರಾಯ್ಡ್ ಫೋನಿನ ಒಳಗಿರುವುದೂ ಲಿನಕ್ಸ್ ಕರ್ನಲ್ಲೇ, ಅಂದರೆ ಅದರ ತಿರುಳೇ. ಅದಕ್ಕೇ ನಾನು ಹೇಳುವುದು: ಅಂಗಡಿಗೆ ಸಾಫ್ಟ್‌ವೇರ್ ಮಾಡಿಸುವಾಗ ದುಡ್ಡು ಕೊಡುವ ಮುಂಚೆಯೇ ಸೋರ್ಸ್ ಕೋಡ್ ಕೇಳಿ. ಬರೆದವರು ಆಮೇಲೆ ಎಲ್ಲಿರುತ್ತಾರೋ ಯಾರಿಗೆ ಗೊತ್ತು.

ಕಂಪೈಲ್ ಆಯಿತು ಅಂದರೆ ಕೆಲಸ ಮುಗಿಯಿತು ಅಂತಲ್ಲ. ನಿಜವಾದ ಪೋರ್ಟಿಂಗ್ ಶುರುವಾಗುವುದೇ ಅಲ್ಲಿಂದ. ರದ್ದಾದ ಬಿಲ್ಲಿಗೆ ಗುರುತಾಗಿ ‘ಕ್ಯಾರ್’ (char) ಅನ್ನುವ 1 ಬೈಟ್‌ನ ಜಾಗದಲ್ಲಿ -1 ಇಟ್ಟಿದ್ದಾರೆ ಅನ್ನಿ. ಸೊನ್ನೆಗಿಂತ ಕಡಿಮೆ ಇದ್ದರೆ ಆ ಬಿಲ್ ಬಿಡು ಅಂತ ಸಿ ಭಾಷೆಯಲ್ಲಿ ಬರೆದಿದೆ. ಇಂಟೆಲ್ ಯಂತ್ರದಲ್ಲಿ ಇದು ಸರಿಯಾಗಿ ನಡೆಯುತ್ತದೆ. ಲಿನಕ್ಸ್ ಇರುವ ಆರ್ಮ್ ಯಂತ್ರದಲ್ಲಿ ‘ಕ್ಯಾರ್’‌ನಲ್ಲಿ ಮೈನಸ್ ಸಂಖ್ಯೆ ಇಲ್ಲ ಅಂದುಕೊಂಡು ಅದೇ ಬೈಟನ್ನು 255 ಅಂತ ಓದಿಕೊಳ್ಳುವುದು ರೂಢಿ. ರದ್ದಾದ ಬಿಲ್ಲೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಎಲ್ಲೂ ಎರರ್ ಕಾಣಲ್ಲ, ಸುಮ್ನೆ ಮೊತ್ತ ತಪ್ಪಿರುತ್ತದೆ.

32ರಿಂದ 64 ಬಿಟ್‌ಗೆ ಹೋಗುವಾಗ ಮೆಮೊರಿಯ ವಿಳಾಸ 4 ಬೈಟ್‌ನಿಂದ 8 ಬೈಟ್ ಆಗುತ್ತದೆ. 4 ಬೈಟ್‌ನಲ್ಲಿ ಹಿಡಿಯುವುದು 4,29,49,67,296 ವಿಳಾಸ ಮಾತ್ರ. ವಿಳಾಸವನ್ನು 4 ಬೈಟ್‌ನ ಮಾಮೂಲಿ ಪೂರ್ಣಾಂಕದಲ್ಲಿ ಇಟ್ಟ ಕೋಡ್ ಇದ್ದರೆ ಅರ್ಧ ವಿಳಾಸ ಕತ್ತರಿಸಿಹೋಗುತ್ತದೆ.

ದಶಮಾಂಶದ ಲೆಕ್ಕವನ್ನೂ ನೋಡಬೇಕು. ಹಳೇ 32 ಬಿಟ್ ಇಂಟೆಲ್ ಪ್ರೋಗ್ರಾಂಗಳು ನಡುವಿನ ಲೆಕ್ಕವನ್ನು ಎಷ್ಟೋ ಸಲ 80 ಬಿಟ್‌ನಲ್ಲಿ ಮಾಡುತ್ತಿದ್ದವು. 64 ಬಿಟ್‌ನವು ಸಾಮಾನ್ಯವಾಗಿ 64 ಬಿಟ್‌ನಲ್ಲೇ ಮಾಡುತ್ತವೆ. ಕೊನೆಯ ಅಂಕಿ ಬದಲಾಗಿ ಕಮಿಷನ್ ಒಂದು ಪೈಸೆ ಆಚೀಚೆ ಆಗಬಹುದು. ಅದಕ್ಕೇ ಹಳೇ ಬಿಲ್‌ಗಳನ್ನು ಹೊಸ ಯಂತ್ರದಲ್ಲಿ ಮತ್ತೆ ಹಾಕಿ ಒಂದೊಂದನ್ನೂ ತಾಳೆ ನೋಡಬೇಕು. ದುಡ್ಡನ್ನು ರೂಪಾಯಿ ದಶಮಾಂಶದ ಬದಲು ಪೈಸೆಯ ಪೂರ್ಣಾಂಕದಲ್ಲಿ ಇಟ್ಟು, ರೌಂಡ್ ಮಾಡುವ ನಿಯಮವನ್ನು ಕೋಡಿನಲ್ಲೇ ಬರೆದರೆ ಯಾವ ಚಿಪ್ಪಿನಲ್ಲೂ ಬಿಲ್ ಒಂದೇ ಬರುತ್ತದೆ.