ಉಬ್ಬಿದ ಮಹಾಪಧಮನಿ: ಹೊಟ್ಟೆ ತೆರೆಯಬೇಕೋ, ಸ್ಟೆಂಟ್ ಸಾಕೋ?

ಕಿಡ್ನಿ ಕಲ್ಲಿರಬಹುದು ಎಂದು ತುಮಕೂರಿನಲ್ಲಿ ಹೊಟ್ಟೆ ಸ್ಕ್ಯಾನ್ ಮಾಡಿಸಿದ ಹಿರಿಯರೊಬ್ಬರ ಕೈಗೆ ‘ಮಹಾಪಧಮನಿ ಉಬ್ಬಿದೆ’ ಎಂಬ ವರದಿ ಬರಬಹುದು. ಈ ಕಾಯಿಲೆ ಹೆಚ್ಚಾಗಿ ಗೊತ್ತಾಗುವುದೇ ಹೀಗೆ, ಬೇರೇನನ್ನೋ ಹುಡುಕುವಾಗ. ನೋವಿರುವುದಿಲ್ಲ. ಹೃದಯದಿಂದ ಹೊರಟು ಬೆನ್ನುಮೂಳೆಯ ಮುಂದೆ ಇಳಿಯುವ ಈ ರಕ್ತನಾಳ ಹೊಟ್ಟೆಯಲ್ಲಿ ಸುಮಾರು 2 ಸೆಂ.ಮೀ. ಅಗಲ. 3 ಮುಟ್ಟಿದರೆ ಅದು ಅನ್ಯೂರಿಸಂ, ಅಂದರೆ ನಾಳದ ಉಬ್ಬು. ಗಂಡಸರಲ್ಲಿ 5.5, ಹೆಂಗಸರಲ್ಲಿ 5 ಸೆಂ.ಮೀ. ಆದಾಗ ಆಪರೇಷನ್ ಮಾತು ಬರುತ್ತದೆ. ಒಡೆದರೆ ಹತ್ತರಲ್ಲಿ ಎಂಟು ಮಂದಿ ಉಳಿಯುವುದಿಲ್ಲ. ವರ್ಷಗಟ್ಟಲೆ ಬೀಡಿ, ಸಿಗರೇಟು ಸೇದಿದ 65 ದಾಟಿದ ಗಂಡಸರಿಗೇ ಅಪಾಯ ಹೆಚ್ಚು.

‘ಹೊಟ್ಟೆ ಕುಯ್ಯದೆ ಆಗಲ್ವಾ ಡಾಕ್ಟ್ರೇ?’ ಮನೆಯವರು ಮೊದಲು ಕೇಳುವುದು ಇದನ್ನೇ. ಈ ಪ್ರಶ್ನೆಯ ಉತ್ತರ ಕಳೆದ ಏಳು ದಶಕಗಳಲ್ಲಿ ಒಂದೇ ತೆರನಾಗಿ ಉಳಿದಿಲ್ಲ.

1948ರಲ್ಲಿ ಐನ್‌ಸ್ಟೈನ್ ಅವರ ಹೊಟ್ಟೆ ತೆರೆದ ಸರ್ಜನ್ ರುಡಾಲ್ಫ್ ನಿಸ್ಸೆನ್, ಉಬ್ಬಿದ ನಾಳಕ್ಕೆ ಸೆಲ್ಲೋಫೇನ್ ಸುತ್ತಿದರು. ಅದರ ಸುತ್ತ ಗಟ್ಟಿ ಅಂಗಾಂಶ ಬೆಳೆದು ನಾಳ ಒಡೆಯದಿರಲಿ ಎಂಬುದು ಲೆಕ್ಕ. ಆರು ವರ್ಷಕ್ಕೂ ಹೆಚ್ಚು ತಡೆಯಿತು. 1955ರಲ್ಲಿ ಅದು ಒಡೆದಾಗ ಐನ್‌ಸ್ಟೈನ್ ಮತ್ತೆ ಆಪರೇಷನ್ ಬೇಡವೆಂದರು. ಅಷ್ಟರಲ್ಲಿ ಪ್ಯಾರಿಸ್ಸಿನ ಚಾರ್ಲ್ಸ್ ದ್ಯುಬೋ 1951ರಲ್ಲೇ ಉಬ್ಬಿದ ಭಾಗವನ್ನು ತೆಗೆದು, ಮೃತರೊಬ್ಬರ ರಕ್ತನಾಳವನ್ನು ಅಲ್ಲಿ ಜೋಡಿಸಿದ್ದರು. ಮುಂದೆ ಹೂಸ್ಟನ್ನಿನ ಮೈಕೆಲ್ ಡಿಬೇಕಿ ಡೇಕ್ರಾನ್ ಎಂಬ ಕೃತಕ ನೂಲಿನ ಬಟ್ಟೆಯನ್ನು ಹೊಲಿಗೆ ಯಂತ್ರದಲ್ಲಿ ಕೊಳವೆಯಾಗಿ ಹೊಲಿದು, ರಕ್ತನಾಳದ ಬದಲು ಅದನ್ನೇ ಜೋಡಿಸಿದರು.

ತೆರೆದ ಆಪರೇಷನ್ ಇಂದಿಗೂ ಹೆಚ್ಚುಕಡಿಮೆ ಹೀಗೆ ನಡೆಯುತ್ತದೆ: ಹೊಟ್ಟೆಯನ್ನು ಉದ್ದಕ್ಕೆ ತೆರೆದು, ಕರುಳನ್ನು ಬದಿಗೆ ಸರಿಸಿ, ಸಾಧಾರಣವಾಗಿ ಕಿಡ್ನಿಯ ರಕ್ತನಾಳಗಳ ಕೆಳಗೆ, ರಕ್ತ ಹರಿಯದಂತೆ ಕ್ಲ್ಯಾಂಪ್ ಹಾಕುತ್ತಾರೆ. ಉಬ್ಬನ್ನು ಸೀಳಿ, ಒಳಗೆ ಪದರ ಪದರವಾಗಿ ಕೂತ ಹೆಪ್ಪುರಕ್ತವನ್ನು ತೆಗೆದು, ಕೊಳವೆಯ ಎರಡೂ ತುದಿಗಳನ್ನು ಹೊಲಿಯುತ್ತಾರೆ. ಖಾಲಿಯಾದ ಚೀಲದ ಗೋಡೆಯನ್ನೇ ಕೊಳವೆಯ ಮೇಲೆ ಹೊದಿಸಿ ಮುಚ್ಚುತ್ತಾರೆ. ಹೃದಯಕ್ಕೂ ಕಿಡ್ನಿಗೂ ಇದು ಭಾರಿ ಹೊರೆ. ಚೇತರಿಕೆಗೆ ತಿಂಗಳುಗಳು ಬೇಕು.

1990ರ ಸೆಪ್ಟೆಂಬರಿನಲ್ಲಿ ಬ್ಯೂನಸ್ ಐರಿಸ್‌ನ ಹುವಾನ್ ಪರೋಡಿ ತೊಡೆಸಂದಿನ ರಕ್ತನಾಳದ ಮೂಲಕವೇ ಬಟ್ಟೆ ಹೊದಿಸಿದ ಸ್ಟೆಂಟನ್ನು, ಅಂದರೆ ಲೋಹದ ಜಾಲರಿಯ ಕೊಳವೆಯನ್ನು, ಒಳಗೆ ಕಳಿಸಿದರು. ಸೋರುವ ಪೈಪಿನೊಳಗೆ ಇನ್ನೊಂದು ಪೈಪು ತೂರಿಸಿದ ಹಾಗೆ. ಇದೇ ಇವಾರ್ (EVAR) ವಿಧಾನ. ರೋಗಿ ಕೆಲವೇ ದಿನಗಳಲ್ಲಿ ಮನೆಗೆ. ಬ್ರಿಟನ್ನಿನಲ್ಲಿ 1,082 ಮಂದಿಯ ಮೇಲೆ ನಡೆದ ಇವಾರ್-1 ಅಧ್ಯಯನದಲ್ಲಿ 30 ದಿನದೊಳಗಿನ ಸಾವು ತೆರೆದ ಆಪರೇಷನ್‌ನಲ್ಲಿ ಶೇ 4.7 ಇದ್ದರೆ, ಇದರಲ್ಲಿ ಶೇ 1.7 ಮಾತ್ರ. 2004ರ ಈ ಅಂಕಿ ಕಂಡಾಗ ಚರ್ಚೆ ಮುಗಿಯಿತೆಂದೇ ಹಲವರಿಗೆ ಅನಿಸಿರಬೇಕು.

ಮುಗಿಯಲಿಲ್ಲ. ಅದೇ ಅಧ್ಯಯನದ ರೋಗಿಗಳನ್ನು 15 ವರ್ಷ ಗಮನಿಸಿ 2016ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಎಂಟು ವರ್ಷಗಳ ನಂತರ ಸ್ಟೆಂಟ್ ಗುಂಪಿನಲ್ಲೇ ಸಾವು ಹೆಚ್ಚಿತ್ತು. ಕೆಲವರಲ್ಲಿ ಸ್ಟೆಂಟಿನ ಹೊರಗೆ ಹಳೇ ಚೀಲಕ್ಕೆ ರಕ್ತ ಸೋರುತ್ತದೆ, ಸ್ಟೆಂಟ್ ಜಾರುತ್ತದೆ, ಚೀಲ ಮತ್ತೆ ಉಬ್ಬಿ ಒಡೆಯುತ್ತದೆ. ಹೀಗಾಗಿ ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ (NICE) ಸಂಸ್ಥೆ 2020ರಲ್ಲಿ, ಒಡೆಯದ ಅನ್ಯೂರಿಸಂಗೆ ದೇಹ ತಾಳುವುದಾದರೆ ತೆರೆದ ಆಪರೇಷನ್ನೇ ಆಗಲಿ ಎಂದಿತು. ಯುರೋಪಿನ ರಕ್ತನಾಳ ಸರ್ಜನ್ನರ 2019ರ ಮಾರ್ಗಸೂಚಿ ಮಾತ್ರ, ನಾಳದ ರಚನೆ ಹೊಂದಿದರೆ ಹೆಚ್ಚಿನವರಿಗೆ ಸ್ಟೆಂಟನ್ನೇ ಮೊದಲು ಹೇಳಿತ್ತು. ದೀರ್ಘ ಆಯುಷ್ಯದ ನಿರೀಕ್ಷೆ ಇರುವವರಿಗೆ ತೆರೆದ ಆಪರೇಷನ್.

ನಮ್ಮ ಜಿಲ್ಲೆಯ ರೋಗಿಗೆ ಇಲ್ಲೇ ನಿಜವಾದ ತೊಡಕು. ಸ್ಟೆಂಟ್ ಹಾಕಿಸಿಕೊಂಡವರು ಬದುಕಿರುವವರೆಗೂ ಸ್ಕ್ಯಾನ್ ಮಾಡಿಸುತ್ತಿರಬೇಕು. ಪಾವಗಡದಿಂದ ತುಮಕೂರಿಗೆ, ಅಲ್ಲಿಂದ ಬೆಂಗಳೂರಿಗೆ ಬಸ್ಸು ಹತ್ತಬೇಕಾದ ರೈತ, ನೋವೇ ಇಲ್ಲದಿರುವಾಗ ನಾಲ್ಕನೇ ವರ್ಷವೂ ಹೋಗುತ್ತಾನೆಯೇ? ಎಂಬತ್ತು ದಾಟಿದ, ಶ್ವಾಸಕೋಶ ಸೋತ ಅಜ್ಜನಿಗೆ ಸ್ಟೆಂಟೇ ಸರಿ ಎನ್ನಲು ನನಗೆ ಹಿಂಜರಿಕೆಯಿಲ್ಲ. ಅರವತ್ತರ, ಗಟ್ಟಿಮುಟ್ಟಾದ ಮನುಷ್ಯನ ವಿಷಯದಲ್ಲಿ ಮಾತ್ರ, ಗಾಯ ಎಷ್ಟು ದೊಡ್ಡದು ಎನ್ನುವುದರ ಜೊತೆಗೆ ಹತ್ತು ವರ್ಷದ ಸ್ಕ್ಯಾನಿಗೆ ಯಾರು ಕರೆದೊಯ್ಯುತ್ತಾರೆ, ಖರ್ಚು ಎಲ್ಲಿಂದ ಎಂಬುದನ್ನೂ ವೈದ್ಯರು ಮತ್ತು ಮನೆಯವರು ಆಪರೇಷನ್‌ಗೆ ಮುಂಚೆಯೇ ಕೂತು ಮಾತಾಡಿಕೊಳ್ಳಬೇಕು.