ಗಲ್ಲಾದಲ್ಲಿ ಸಿಕ್ಕ ಓರೆ ಮುದ್ರೆಯ ಐದು ರೂಪಾಯಿಗೆ ಬೆಲೆ ಎಷ್ಟು?

ಪ್ರಶ್ನೆ: ಸರ್, ಹಾಸನದಲ್ಲಿ ಬೇಲೂರು ರಸ್ತೆ ಕಡೆ ನಮ್ಮದೊಂದು ಸಣ್ಣ ದಿನಸಿ ಅಂಗಡಿ ಇದೆ. ಹಾಸನಾಂಬೆ ದರ್ಶನದ ದಿನಗಳಲ್ಲಿ ಚಿಲ್ಲರೆ ಜಾಸ್ತಿ ಬರುತ್ತದೆ. ಹಾಗೆ ಬಂದ ಒಂದು ಹಳದಿ ಐದು ರೂಪಾಯಿ ನಾಣ್ಯದಲ್ಲಿ ಸಿಂಹದ ಮುದ್ರೆ ಪಕ್ಕಕ್ಕೆ ಸರಿದಿದೆ, ಬಲಗಡೆ ಬೋಳಾಗಿದೆ. ಇದಕ್ಕೆ ಲಕ್ಷಗಟ್ಟಲೆ ಬರುತ್ತೆ ಅಂತ ಮಗ ವಿಡಿಯೋ ತೋರಿಸುತ್ತಾನೆ. ಇದು ನಿಜವಾಗಿ ಟಂಕಸಾಲೆಯಲ್ಲೇ ಆದ ತಪ್ಪಾ? ಎಷ್ಟು ಸಿಗಬಹುದು? ಫೋಟೋ ಕಳಿಸಿದ್ದೇನೆ.

ಉತ್ತರ: ಲಕ್ಷ ಬರುವುದಿಲ್ಲ. ಆದರೆ ಆ ನಾಣ್ಯವನ್ನು ಯಾರಿಗೂ ಚಿಲ್ಲರೆಯಾಗಿ ಕೊಟ್ಟುಬಿಡಬೇಡಿ. ಎತ್ತಿಡಿ.

ಇಂಥ ನಾಣ್ಯ ಕೈಗೆ ಬಂದಾಗ ನಾನು ಮೊದಲು ಕೇಳಿಕೊಳ್ಳುವುದು ಒಂದೇ: ಇದು ಯಾವಾಗ ಆಯಿತು? ಮುದ್ರೆ ಬೀಳುವ ಹೊತ್ತಿಗೋ, ಅಥವಾ ಊರೂರು ಸುತ್ತಿದ ಮೇಲೋ? ಟಂಕಸಾಲೆಯಲ್ಲಿ ಆಗಿದ್ದರೆ ಮಾತ್ರ ಬೆಲೆ. ಅದನ್ನು ತಿಳಿಯಲು ನಾಣ್ಯ ಹೇಗೆ ಹುಟ್ಟುತ್ತದೆ ಅಂತ ಸ್ವಲ್ಪ ಗೊತ್ತಿರಬೇಕು.

ಲಟ್ಟಿಸಿದ ಹಿಟ್ಟಿನ ಮೇಲೆ ಡಬ್ಬಿ ಮುಚ್ಚಳ ಒತ್ತಿ ಪೂರಿ ಕತ್ತರಿಸುತ್ತೇವಲ್ಲ, ಹಾಗೇ ಲೋಹದ ಹಾಳೆಯಿಂದ ದುಂಡನೆ ಬಿಲ್ಲೆಗಳನ್ನು ಕತ್ತರಿಸುತ್ತಾರೆ. ಮುಚ್ಚಳ ಹಿಂದಿನ ತೂತಿನ ಮೇಲೆ ಅರ್ಧ ಬಿದ್ದರೆ ಪೂರಿ ಕಚ್ಚಿದ ಹಾಗೆ ಬರುತ್ತದೆ. ನಾಣ್ಯದಲ್ಲೂ ಅದೇ ಕಥೆ, ಅಂಚಿನಲ್ಲಿ ಚಂದ್ರನಾಕಾರದ ಕಡಿತ. ಬಿಲ್ಲೆ ಸರಿಯಿದ್ದರೆ ಅದು ಒಂದು ಬಳೆಯೊಳಗೆ ಕೂರುತ್ತದೆ. ಮೇಲೊಂದು ಅಚ್ಚು, ಕೆಳಗೊಂದು ಅಚ್ಚು, ಎರಡೂ ಒಂದೇ ಪೆಟ್ಟಿಗೆ ಒತ್ತುತ್ತವೆ. ಸಿಂಹ ಒಂದು ಕಡೆ, ಬೆಲೆ ಇನ್ನೊಂದು ಕಡೆ ಮೂಡುವುದು ಆ ಒಂದೇ ಕ್ಷಣದಲ್ಲಿ.

ಆ ಒಂದೇ ಪೆಟ್ಟು ಅನ್ನುವುದನ್ನು ನೆನಪಿಡಿ. ನಿಮ್ಮ ನಾಣ್ಯದ ಗುಟ್ಟು ಅದರಲ್ಲೇ ಇದೆ. ನೀವು ಕಳಿಸಿದ್ದು ಸಿಂಹದ ಬದಿಯ ಫೋಟೋ ಮಾತ್ರ. ಈಗ ಸಿಂಹ ನೆಟ್ಟಗೆ ನಿಲ್ಲುವ ಹಾಗೆ ನಾಣ್ಯ ಹಿಡಿದು, ಪುಸ್ತಕದ ಹಾಳೆ ತಿರುಗಿಸಿದ ಹಾಗೆ ಪಕ್ಕಕ್ಕೆ ತಿರುಗಿಸಿ. ಬಿಲ್ಲೆಯೇ ಬಳೆಯಿಂದ ಆಚೆ ಜಾರಿ ಕೂತಿದ್ದರೆ ಎರಡು ಅಚ್ಚುಗಳೂ ಅದನ್ನು ಓರೆಯಾಗಿಯೇ ಒತ್ತಿರುತ್ತವೆ. ಸಿಂಹದ ಕಡೆ ಬಲಕ್ಕೆ ಬೋಳಿದ್ದರೆ ಹಿಂದೆ ಎಡಕ್ಕೆ ಬೋಳಿರಬೇಕು, ಯಾಕೆಂದರೆ ಅದು ಅದೇ ಜಾಗದ ಬೆನ್ನು. ಬಳೆಯ ಹಿಡಿತ ಇರದ ಕಾರಣ ನಾಣ್ಯ ಪೂರ್ತಿ ದುಂಡಗೂ ಇರುವುದಿಲ್ಲ. ಇದನ್ನು ಸಂಗ್ರಾಹಕರು ಆಫ್ ಸೆಂಟರ್ ಅನ್ನುತ್ತಾರೆ. ಹಿಂದಿನ ಬದಿ ಸರಿಯಾಗಿದ್ದು, ನಾಣ್ಯ ದುಂಡಗಿದ್ದು, ಸಿಂಹದ ಬದಿ ಮಾತ್ರ ಸರಿದಿದ್ದರೆ ಒಂದು ಅಚ್ಚು ಅಲುಗಿದೆ ಅಂತ ಅರ್ಥ. ಅದೂ ಟಂಕಸಾಲೆಯ ತಪ್ಪೇ, ಆದರೆ ಬೆಲೆ ತುಂಬಾ ಕಮ್ಮಿ.

ಇದೇ ರೀತಿ ತಿರುಗಿಸಿದಾಗ ಹಿಂದಿನ ಅಂಕಿ ನೆಟ್ಟಗಿರಬೇಕು. ಓರೆಯಾಗಿದ್ದರೆ, ತಲೆಕೆಳಗಾಗಿದ್ದರೆ, ಅದು ಡೈ ರೊಟೇಶನ್, ಅಂದರೆ ಒಂದು ಅಚ್ಚು ತಿರುಗಿ ಕೂತದ್ದು. ಸ್ವಲ್ಪ ವಾಲಿದ್ದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. 90 ಅಥವಾ 180 ಡಿಗ್ರಿ ತಿರುಗಿದ್ದರೆ ಕೇಳುವವರಿದ್ದಾರೆ.

ಗೆರೆ ಕಂಡರೆ ಉಗುರು ಆಡಿಸಿ. ಅಚ್ಚು ಬಿರುಕು ಬಿಟ್ಟಿದ್ದರೆ ಲೋಹ ಆ ಬಿರುಕಿಗೆ ನುಗ್ಗುತ್ತದೆ, ಹಾಗಾಗಿ ನಾಣ್ಯದ ಮೇಲೆ ಗೆರೆ ಉಬ್ಬಿರುತ್ತದೆ. ತಗ್ಗಾಗಿದ್ದರೆ ಅದು ಸುಮ್ನೆ ಗೀರು. ಕಡಿತಕ್ಕೂ ಒಂದು ಪರೀಕ್ಷೆ ಇದೆ: ನಿಜವಾದ ಕಡಿತದ ನೇರ ಎದುರಿನ ಅಂಚು ಸಾಮಾನ್ಯವಾಗಿ ಮಸುಕಾಗಿರುತ್ತದೆ. ಗ್ರೈಂಡರ್‌ನಲ್ಲಿ ಕೊಯ್ದದ್ದಾದರೆ ಎದುರಿನ ಅಂಚು ಲಕ್ಷಣವಾಗಿ ಎದ್ದು ನಿಂತಿರುತ್ತದೆ.

ನನಗೆ ಬಹಳ ಇಷ್ಟವಾದದ್ದು ಬ್ರಾಕೇಜ್. ಹಿಂದಿನ ನಾಣ್ಯ ಅಚ್ಚಿಗೇ ಅಂಟಿಕೊಂಡು ಉಳಿದರೆ ಮುಂದಿನ ಬಿಲ್ಲೆಗೆ ಅದೇ ಅಚ್ಚಾಗುತ್ತದೆ. ಆಗ ಒಂದು ಬದಿಯಲ್ಲಿ ಸರಿಯಾದ ಸಿಂಹ, ಇನ್ನೊಂದು ಬದಿಯಲ್ಲೂ ಸಿಂಹವೇ, ಆದರೆ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾಗಿ, ತಗ್ಗಾಗಿ. ಇದನ್ನು ನಕಲು ಮಾಡುವವರು ಎರಡು ನಾಣ್ಯಗಳನ್ನು ಜೋಡಿಸಿ, ಕಬ್ಬಿಣದ ಇಕ್ಕಳದಂಥ ವೈಸ್‌ನಲ್ಲಿ ಬಿಗಿಯುತ್ತಾರೆ. ಹಾಗೆ ಮಾಡಿದರೆ ತಿರುಗುಮುರುಗು ಗುರುತಿನ ಕೆಳಗೆ ಹಳೆಯ ಮುದ್ರೆ ಇಣುಕುತ್ತದೆ, ಇನ್ನೊಂದು ಬದಿಯೂ ಚಪ್ಪಟೆಯಾಗಿರುತ್ತದೆ.

ಹತ್ತು ರೂಪಾಯಿ ನಾಣ್ಯದ ವಿಷಯದಲ್ಲಿ ಮೋಸ ಹೋಗುವವರು ಜಾಸ್ತಿ. ಹೊರಗಿನ ಹಳದಿ ಉಂಗುರ, ಒಳಗಿನ ಬಿಳಿ ಬಿಲ್ಲೆ ಬೇರೆ ಬೇರೆ ಲೋಹ ನಿಜ, ಆದರೆ ಎರಡಕ್ಕೂ ಮುದ್ರೆ ಬೀಳುವುದು ಒಂದೇ ಅಚ್ಚಿನಿಂದ. ಉಂಗುರದ ಮೇಲಿನ ‘ಭಾರತ್’, ‘ಇಂಡಿಯಾ’ ನೆಟ್ಟಗಿದ್ದು ಒಳಗಿನ ಸಿಂಹ ಮಾತ್ರ ವಾಲಿದ್ದರೆ ಅದು ಟಂಕಸಾಲೆಯಲ್ಲಿ ಆಗಿರಲು ಸಾಧ್ಯವೇ ಇಲ್ಲ. ಯಾರೋ ಬಿಲ್ಲೆ ಕಿತ್ತು ಮತ್ತೆ ಕೂರಿಸಿದ್ದಾರೆ.

ಒಮ್ಮೆ ಅರಸೀಕೆರೆಯ ಒಬ್ಬರು ತೆಳ್ಳಗೆ ಅಗಲವಾಗಿದ್ದ ಎರಡು ರೂಪಾಯಿ ತಂದು ತೋರಿಸಿದ್ದರು. ಎರಡೂ ಬದಿಯ ಮುದ್ರೆ ಒಂದೇ ದಿಕ್ಕಿಗೆ ಎಳೆದ ಹಾಗಿತ್ತು. ಹುಡುಗರು ರೈಲು ಹಳಿ ಮೇಲೆ ಇಟ್ಟದ್ದು. ಜಂಕ್ಷನ್ ಇರುವ ಊರಲ್ಲಿ ಇದು ಹೊಸದೇನಲ್ಲ. ಆದರೂ ಅವರ ಮುಖ ಬಾಡಿದ್ದು ನೋಡಿ ನನಗೂ ಬೇಜಾರಾಯಿತು.

ಇನ್ನು ತಪ್ಪೇ ಅಲ್ಲದ ಕೆಲವು ಸಂಗತಿಗಳು. ಇಸವಿಯ ಕೆಳಗೆ ವಜ್ರದಾಕಾರ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ಚುಕ್ಕೆ ಇದ್ದರೆ ನೋಯ್ಡಾ ಟಂಕಸಾಲೆ. ಕೋಲ್ಕತ್ತದ್ದಕ್ಕೆ ಗುರುತೇ ಇಲ್ಲ, ಹಾಗಾಗಿ ಗುರುತಿಲ್ಲದ್ದು ಅಪರೂಪವಲ್ಲ. ರೂಪಾಯಿ ಚಿಹ್ನೆ ಇಲ್ಲದ ಹತ್ತು ರೂಪಾಯಿಯೂ ಸರಿಯೇ, ಆ ಚಿಹ್ನೆ ನಾಣ್ಯಕ್ಕೆ ಬಂದದ್ದು 2011ರಲ್ಲಿ. ಆವರೆಗೆ ಬಂದಿದ್ದ, ಚಿಹ್ನೆ ಇರುವ ಮತ್ತು ಇಲ್ಲದ ಹತ್ತು ರೂಪಾಯಿಯ 14 ವಿನ್ಯಾಸಗಳೂ ಚಲಾವಣೆಯಲ್ಲಿವೆ ಅಂತ ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಹೇಳಿದೆ. 2007ರ ಬಿಳಿ ಸ್ಟೀಲ್ ಐದು ರೂಪಾಯಿ ಕೂಡ ತಪ್ಪಲ್ಲ, ಆಗ ಹಾಗೇ ಮಾಡಿದ್ದರು. ವಿಡಿಯೋಗಳಲ್ಲಿ ಓಡಾಡುವ ವೈಷ್ಣೋದೇವಿ ನಾಣ್ಯ 2012ರ ಸ್ಮರಣಾರ್ಥ ನಾಣ್ಯ, ಅಷ್ಟೇ.

ಅಂದಹಾಗೆ, ಓರೆ ಮುದ್ರೆ ಅಪರೂಪ ಆದದ್ದು ಯಂತ್ರ ಬಂದ ಮೇಲೆ. ನಮ್ಮ ಹಳೇಬೀಡಿನ ಹೊಯ್ಸಳರು, ವಿಷ್ಣುವರ್ಧನ ‘ಶ್ರೀ ತಳಕಾಡುಗೊಂಡ’ ಅಂತ ಕನ್ನಡದಲ್ಲಿ ಬರೆಸಿದ ಚಿನ್ನದ ನಾಣ್ಯಗಳೂ ಸೇರಿ, ತಮ್ಮ ನಾಣ್ಯಗಳನ್ನು ಕೈಯಿಂದ ಬಡಿದು ಮಾಡಿಸಿದ್ದರು. ಅಂಥವುಗಳಲ್ಲಿ ಅಕ್ಷರ ಅಂಚಿನಾಚೆ ಹೋಗುವುದು ಮಾಮೂಲು. ಅದಕ್ಕೆ ಯಾರೂ ಜಾಸ್ತಿ ದುಡ್ಡು ಕೊಡುವುದಿಲ್ಲ.

ಈಗ ಬೆಲೆ. ಕೂದಲೆಳೆಯಷ್ಟು ಬಿರುಕಿಗೆ ಮುಖಬೆಲೆಯ ಮೇಲೆ ಹತ್ತಿಪ್ಪತ್ತು ರೂಪಾಯಿ ಸಿಕ್ಕರೆ ಅದೇ ದೊಡ್ಡದು. ಎದ್ದು ಕಾಣುವ ಆಫ್ ಸೆಂಟರ್ ಆದರೆ, ಇಸವಿ ಉಳಿದಿದ್ದು, ನಾಣ್ಯ ಸವೆಯದೆ ಇದ್ದರೆ, ನಾನೇ ಕೆಲವು ನೂರು ಕೊಟ್ಟು ಕೊಳ್ಳುತ್ತೇನೆ. ಸಾವಿರ ದಾಟಬೇಕಾದರೆ ಮುದ್ರೆಯ ಅರ್ಧದಷ್ಟು ಭಾಗವೇ ಕಾಣೆಯಾಗಿರಬೇಕು, ಅಥವಾ ಪೂರ್ತಿ ಬ್ರಾಕೇಜ್ ಆಗಿರಬೇಕು. ಆನ್‌ಲೈನ್‌ನಲ್ಲಿ ಯಾರೋ ಐದು ಲಕ್ಷ ಅಂತ ಹಾಕಿದ್ದು ಅವರು ಕೇಳುವ ಬೆಲೆ, ಮಾರಾಟವಾದ ಬೆಲೆಯಲ್ಲ. ನಾಣ್ಯ ಕೊಳ್ಳುತ್ತೇವೆ, ಮೊದಲು ನೋಂದಣಿಗೆ, ತೆರಿಗೆಗೆ ಇಷ್ಟು ಕಟ್ಟಿ ಅನ್ನುವವರಿಗೆ ಒಂದು ಪೈಸೆಯನ್ನೂ ಕಳಿಸಬೇಡಿ, ದಯವಿಟ್ಟು. ರಿಸರ್ವ್ ಬ್ಯಾಂಕಿನ ಹೆಸರಲ್ಲೇ ಹೀಗೆ ದೋಚುತ್ತಾರೆ. ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಇದರ ಬಗ್ಗೆ ಎಚ್ಚರಿಕೆಯನ್ನೂ ಕೊಟ್ಟಿದೆ.

ಇನ್ನೊಂದು ಮಾತು. ನಾಣ್ಯವನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಸಬೀನಾ ಹಾಕಿ ಬೆಳಗಬೇಡಿ. ಹೊಸದರಲ್ಲಿ ನಾನು ಒಳ್ಳೆಯ ಡೈ ರೊಟೇಶನ್ ನಾಣ್ಯವೊಂದನ್ನು ಹೀಗೆ ತೊಳೆದು ಅದರ ಹೊಳಪನ್ನೇ ಕೊಂದೆ. ಇವತ್ತಿಗೂ ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಈಗ ಎರಡು ಕೆಲಸ ಮಾಡಿ. ಚಿನ್ನದ ಅಂಗಡಿಯಲ್ಲಿ ಕೇಳಿಕೊಂಡು ನಾಣ್ಯ ತೂಗಿಸಿ. ಈ ಹಳದಿ ಐದು ರೂಪಾಯಿ 6 ಗ್ರಾಂ ಇರಬೇಕು. 2019ರ ನಂತರದ ಹೊಸ ವಿನ್ಯಾಸದ್ದಾದರೆ 6.74 ಗ್ರಾಂ. ತೂಕ ತುಂಬಾ ಕಮ್ಮಿ ಬಂದರೆ ಯಾರೋ ಅರದಿಂದ ಉಜ್ಜಿ ಬೋಳು ಮಾಡಿದ್ದಾರೆ ಅಂತ ಅನುಮಾನಪಡಬೇಕು. ತೂಕ ಸರಿಯಿದ್ದರೆ ಹಿಂದಿನ ಬದಿಯ ಫೋಟೋವನ್ನು ಹಗಲು ಬೆಳಕಲ್ಲಿ ತೆಗೆದು ಕಳಿಸಿ. ಎಡಗಡೆ ಬೋಳಿದೆಯಾ ಅಂತ ನೋಡಲು ನಾನೂ ಕಾಯುತ್ತಿದ್ದೇನೆ.