ಪದ ಪರಿಚಯ: ಪ್ರಿಂಟ್‌ಲೆಟ್

ಪ್ರಿಂಟ್‌ಲೆಟ್ ಅಂದರೆ 3ಡಿ ಪ್ರಿಂಟರ್‌ನಲ್ಲಿ ಪದರದ ಮೇಲೆ ಪದರ ಕಟ್ಟಿ ಮಾಡಿದ ಮಾತ್ರೆ. ಪ್ರಿಂಟ್ ಮತ್ತು ಟ್ಯಾಬ್ಲೆಟ್ ಸೇರಿ ಈ ಹೆಸರಾಯಿತು. ಇದರ ಬೆನ್ನಿಗೇ ಇನ್ನೊಂದು ಮಾತು ಓಡಾಡುತ್ತಿದೆ: ಮುಂದೆ ಮನೆಯಲ್ಲೇ ಪ್ರಿಂಟರ್ ಇಟ್ಟುಕೊಂಡು ನಮ್ಮ ಮೈಗೆ ತಕ್ಕ ಮಾತ್ರೆ ನಾವೇ ಮಾಡಿಕೊಳ್ಳಬಹುದಂತೆ. ಮಾತ್ರೆ ಪ್ರಿಂಟ್ ಆಗುವುದು ನಿಜ. ‘ಮನೆಯಲ್ಲೇ’ ಅನ್ನುವ ಕಡೆ ನನಗೆ ಅನುಮಾನ.

ಮೊದಲು ಇದರ ಅಗತ್ಯ ಏನು ಅಂತ ನೋಡೋಣ. ಫ್ಯಾಕ್ಟರಿ ಮಾತ್ರೆ ಬರುವುದು ಕೆಲವೇ ಅಳತೆಗಳಲ್ಲಿ. ಮಗುವಿಗೆ ಎರಡು ಮಿಲಿಗ್ರಾಂ ಬೇಕು, ಅಂಗಡಿಯಲ್ಲಿರುವುದು ಹತ್ತರದ್ದು, ಸಿರಪ್ ಇಲ್ಲ ಅಂದರೆ ಅಮ್ಮ ಮಾತ್ರೆ ಪುಡಿ ಮಾಡಿ ನೀರಿನಲ್ಲಿ ಕಲಸಿ ಅಂದಾಜಿನ ಮೇಲೆ ಕುಡಿಸುತ್ತಾಳೆ. ಹೃದಯದ ವಾಲ್ವ್ ಬದಲಿಸಿಕೊಂಡು ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರನ್ನು ಕೇಳಿ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ನೋಡುವ ಐಎನ್‌ಆರ್ ಟೆಸ್ಟಿನ ಫಲಿತಾಂಶ ಬಂದಂತೆಲ್ಲ ಡೋಸ್ ಬದಲಾಗುತ್ತದೆ. ಒಂದು ದಿನ ಎರಡು ಮಿಲಿಗ್ರಾಂ, ಮರುದಿನ ಮೂರು ಅಂತ ಡಾಕ್ಟರ್ ಚೀಟಿಯಲ್ಲಿ ಬರೆದುಕೊಡುವುದುಂಟು. ಡೋಸ್ ಜಾಸ್ತಿಯಾದರೆ ರಕ್ತಸ್ರಾವ, ಕಡಿಮೆಯಾದರೆ ರಕ್ತ ಹೆಪ್ಪುಗಟ್ಟುವ ಭಯ. ಮಾತ್ರೆ ಮುರಿಯುವುದೂ ಯಾವಾಗಲೂ ಸರಿಯಲ್ಲ. ಸ್ಟ್ರಿಪ್ ಮೇಲೆ ಎಸ್‌ಆರ್, ಇಆರ್, ಎಕ್ಸ್‌ಆರ್ ಅಂತಿದ್ದರೆ ಅದು ನಿಧಾನವಾಗಿ ಕರಗುವ ಮಾತ್ರೆ. ಅಂಥದ್ದನ್ನು ಪುಡಿ ಮಾಡಿದರೆ ಇಡೀ ದಿನದ ಔಷಧ ಒಂದೇ ಸಲಕ್ಕೆ ರಕ್ತಕ್ಕೆ ಸೇರಬಹುದು.

ಹಾಗೆ ನೋಡಿದರೆ ಒಬ್ಬೊಬ್ಬರಿಗೆ ಬೇರೆ ಬೇರೆ ಔಷಧ ಕಲಸಿ ಕೊಡುವುದು ಬೆಂಗಳೂರಿಗೆ ಹೊಸದೇನಲ್ಲ. ಹಳೆಯ ಕ್ಲಿನಿಕ್‌ಗಳಲ್ಲಿ ಕಂಪೌಂಡರ್ ಅದನ್ನೇ ಮಾಡುತ್ತಿದ್ದ. ಬಾಟಲಿಗೆ ಮಿಕ್ಸ್ಚರ್ ಸುರಿದು, ಅಂಚು ಕತ್ತರಿಸಿದ ಕಾಗದದ ಪಟ್ಟಿ ಅಂಟಿಸುತ್ತಿದ್ದ. ಒಂದು ಗುರುತಿಗೆ ಒಂದು ಡೋಸ್. ಫ್ಯಾಕ್ಟರಿ ಮಾತ್ರೆ ಅಗ್ಗವಾಗಿ ಸಿಗತೊಡಗಿದ ಮೇಲೆ ಅವನ ಕೆಲಸ ಹೋಯಿತು.

ಈಗ ಆ ಕೆಲಸ ಮಷೀನಿಗೆ ಬರುತ್ತಿದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರಲ್ಲಿ ಮೊದಲ ಸಲ ಒಂದು 3ಡಿ ಪ್ರಿಂಟೆಡ್ ಮಾತ್ರೆಗೆ ಒಪ್ಪಿಗೆ ಕೊಟ್ಟಿತು. ಅದು ಅಪ್ರೇಸಿಯಾ ಕಂಪನಿಯ ಸ್ಪ್ರಿಟಮ್, ಮೂರ್ಛೆರೋಗಕ್ಕೆ ಕೊಡುವ ಲೆವೆಟಿರಾಸಿಟಮ್. ಪುಡಿಯ ತೆಳು ಪದರ ಹರಡಿ, ಅದರ ಮೇಲೆ ಅಂಟುದ್ರವದ ಹನಿ ಸಿಂಪಡಿಸಿ, ಮತ್ತೆ ಪುಡಿ ಹರಡಿ ಅದನ್ನು ಕಟ್ಟುತ್ತಾರೆ. ಪುಡಿಯನ್ನು ಒತ್ತುವುದಿಲ್ಲವಾದ್ದರಿಂದ ಒಳಗೆಲ್ಲ ಸಣ್ಣ ಸಣ್ಣ ತೂತು. ಒಂದು ಗುಟುಕು ನೀರಿಗೆ ಕೆಲವೇ ಸೆಕೆಂಡಿನಲ್ಲಿ ಕರಗಿಬಿಡುತ್ತದೆ. ಆದರೆ ಇದು ತಯಾರಾಗುವುದು ಫ್ಯಾಕ್ಟರಿಯಲ್ಲೇ, ಗೊತ್ತುಮಾಡಿದ ಅಳತೆಗಳಲ್ಲೇ. ಅಂದರೆ ಪ್ರಿಂಟ್ ಆದದ್ದೆಲ್ಲ ‘ನಮಗಾಗಿಯೇ’ ಮಾಡಿದ್ದು ಅಂತಲ್ಲ.

ಒಬ್ಬೊಬ್ಬರಿಗೆ ಮಾಡಲು ಹೆಚ್ಚು ಹೊಂದುವುದು ಇನ್ನೊಂದು ವಿಧಾನ. ಔಷಧ ಬೆರೆಸಿದ ಮೆತ್ತನೆಯ ಹಿಟ್ಟನ್ನು ಸಿರಿಂಜ್‌ನಿಂದ ಒತ್ತಿ ಬಿಡುವುದು, ನಮ್ಮ ಚಕ್ಕುಲಿ ಒರಳಿನ ಹಾಗೆ. ಎಷ್ಟು ಹಿಟ್ಟು ಬಿಟ್ಟರೋ ಅಷ್ಟು ಡೋಸ್. ಪ್ಲಾಸ್ಟಿಕ್ ದಾರ ಕರಗಿಸುವ ಸಾಮಾನ್ಯ ಪ್ರಿಂಟರಿನಂಥ ವಿಧಾನವೂ ಇದೆ. ಆದರೆ ಅಲ್ಲಿ ಬಿಸಿ 150 ಡಿಗ್ರಿ ದಾಟುವುದುಂಟು. ಆ ಬಿಸಿಗೆ ಎಷ್ಟೋ ಔಷಧಗಳು ಕೆಡುತ್ತವೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್‌ಪಿ ರಸ್ತೆಯಲ್ಲಿ ಬಿಡಿಭಾಗ ಕೊಂಡು ಜೋಡಿಸಿದ ಪ್ರಿಂಟರಿನಲ್ಲಿ ಇದೆಲ್ಲ ಆಗುವ ಮಾತಲ್ಲ.

ಸರಿ, ಮನೆಗೆ ಬರೋಣ. ಇಲ್ಲಿ ಜನ ಮರೆಯುವ ಸಂಗತಿ ಒಂದಿದೆ. ಪ್ರಿಂಟರಿಗೆ ಔಷಧ ಹುಟ್ಟಿಸಲು ಬರುವುದಿಲ್ಲ. ಔಷಧ ಬೆರೆಸಿದ ಕಾರ್ಟ್ರಿಡ್ಜ್ ಫ್ಯಾಕ್ಟರಿಯಿಂದಲೇ ಬರಬೇಕು. ಪ್ರಿಂಟರ್ ಅದನ್ನು ಅಳೆದು ಆಕಾರ ಕೊಡುತ್ತದೆ, ಅಷ್ಟೇ. ಗ್ಲಾಸ್ಗೋ ವಿಶ್ವವಿದ್ಯಾಲಯದ ಲೀ ಕ್ರೋನಿನ್ ಅವರ ಗುಂಪು ರಾಸಾಯನಿಕ ಕ್ರಿಯೆಯನ್ನೇ ಪ್ರಿಂಟೆಡ್ ಪಾತ್ರೆಗಳೊಳಗೆ ನಡೆಸಿ, ಬ್ಯಾಕ್ಲೊಫೆನ್ ಎಂಬ ಔಷಧ ಮಾಡಿ ತೋರಿಸಿದೆ. ಚೆಂದದ ಕೆಲಸ. ಆದರೆ ಅದು ಕೆಮಿಸ್ಟ್‌ಗಳ ಕೈಯಲ್ಲಿ, ಲ್ಯಾಬಿನಲ್ಲಿ ಆದದ್ದು.

ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ತೊಡಕು ಪರೀಕ್ಷೆಯದು. ಫ್ಯಾಕ್ಟರಿಯಲ್ಲಿ ಲಕ್ಷಗಟ್ಟಲೆ ಮಾತ್ರೆ ಮಾಡಿ, ಅದರಲ್ಲಿ ಕೆಲವನ್ನು ಕರಗಿಸಿ ಪುಡಿ ಮಾಡಿ ನೋಡುತ್ತಾರೆ. ಅವು ಸರಿಯಿದ್ದರೆ ಉಳಿದವು ಅಂಗಡಿಗೆ. ಮನೆಯಲ್ಲಿ ಮಾಡುವುದೇ ಮೂವತ್ತು ಮಾತ್ರೆ ಅಂದುಕೊಳ್ಳಿ. ಪರೀಕ್ಷೆಗೆ ಕೊಟ್ಟು ತಿನ್ನಲು ಎಷ್ಟು ಉಳಿಯುತ್ತದೆ? ಅದಕ್ಕೇ ಮಾತ್ರೆಯನ್ನು ಒಡೆಯದೆ ಬೆಳಕು ಹಾಯಿಸಿ ಒಳಗಿನ ಔಷಧ ಅಳೆಯುವ ಸಾಧನಗಳನ್ನು ಪ್ರಿಂಟರಿಗೇ ಜೋಡಿಸುವ ಪ್ರಯತ್ನ ನಡೆದಿದೆ. ಅದು ನಂಬುವಂತಾಗುವ ತನಕ ಅಡುಗೆಮನೆ ಕಟ್ಟೆ ಮೇಲೆ ರಕ್ತ ತೆಳುವಾಗಿಸುವ ಮಾತ್ರೆ ಮಾಡಿಕೊಳ್ಳಿ ಅಂತ ನಾನಂತೂ ಹೇಳಲಾರೆ. ಮಳೆಗಾಲದ ತೇವ, ನಡುವೆ ಹೋಗುವ ಕರೆಂಟು, ಸರಿಯಾಗಿ ತೊಳೆಯದ ನಳಿಕೆ ಇವೆಲ್ಲ ಬೇರೆ. ಕಾನೂನೂ ಇದೆ. ನಮ್ಮ 1940ರ ಡ್ರಗ್ಸ್ ಅಂಡ್ ಕಾಸ್ಮೆಟಿಕ್ಸ್ ಕಾಯ್ದೆ ಪ್ರಕಾರ ಮಾರಾಟಕ್ಕೆ ಔಷಧ ತಯಾರಿಸಲು ಲೈಸೆನ್ಸ್ ಬೇಕೇ ಬೇಕು.

ಹಾಗಾದರೆ ಪ್ರಿಂಟರ್ ಎಲ್ಲಿ ಕೂರುತ್ತದೆ? ಆಸ್ಪತ್ರೆಯ ಫಾರ್ಮಸಿಯಲ್ಲಿ. ಸ್ಪೇನಿನ ಸಾಂಟಿಯಾಗೊದ ಆಸ್ಪತ್ರೆಯೊಂದರಲ್ಲಿ ಅಪರೂಪದ ಚಯಾಪಚಯ ಕಾಯಿಲೆಯ ಕೆಲವು ಮಕ್ಕಳಿಗೆ ಐಸೊಲ್ಯೂಸಿನ್ ಎಂಬ ಅಮೈನೋ ಆಮ್ಲವನ್ನು ಅಗಿಯುವ ಪ್ರಿಂಟ್‌ಲೆಟ್ ಆಗಿ ಕೊಟ್ಟು ನೋಡಿದರು. ಡೋಸ್ ಮಾತ್ರವಲ್ಲ, ಬಣ್ಣ ಮತ್ತು ರುಚಿಯನ್ನೂ ಬದಲಿಸಬಹುದಿತ್ತು. ಬ್ರಿಟನ್ನಿನಲ್ಲಿ ರೋಗಿ ಇರುವ ಕಡೆಯೇ ಔಷಧ ತಯಾರಿಸಲು ದಾರಿ ಮಾಡಿಕೊಡುವ ನಿಯಮ 2025ರ ಜುಲೈನಲ್ಲಿ ಜಾರಿಗೆ ಬಂತು. ಅಲ್ಲೂ ಹೊಣೆ ಲೈಸೆನ್ಸ್ ಪಡೆದವರ ಮೇಲೇ. ಬೆಂಗಳೂರಿನಲ್ಲಿ ಮೊದಲ ಮಷೀನ್ ಎಲ್ಲಿಡಬೇಕು ಅಂತ ನನ್ನನ್ನು ಕೇಳಿದರೆ, ನಿಮ್ಹಾನ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಇರುವ ಆಸುಪಾಸಿನಲ್ಲಿ ಅಂತೀನಿ. ಮೂರ್ಛೆರೋಗದ ಮಕ್ಕಳಿಗೆ ತೂಕ ಏರಿದಂತೆ ಡೋಸ್ ಬದಲಾಗುತ್ತಲೇ ಇರುತ್ತದೆ. ಊರಿಂದ ಬಸ್ಸಿನಲ್ಲಿ ಬಂದವರು ಅರ್ಧ ಮುರಿದ ಮಾತ್ರೆಯ ಬದಲು ಸರಿಯಾದ ಅಳತೆಯ ತಿಂಗಳ ಪೊಟ್ಟಣ ಒಯ್ಯಬಹುದು.

ಮನೆಗೆ ಏನಾದರೂ ಮೊದಲು ಬಂದರೆ ಅದು ವಿಟಮಿನ್ ಇರಬಹುದು. ಅದರಲ್ಲಿ ಅಳತೆ ಒಂಚೂರು ಆಚೀಚೆಯಾದರೆ ಜೀವಕ್ಕೇನೂ ಆಗುವುದಿಲ್ಲ. ಬ್ರಿಟನ್ನಿನ ನರಿಶ್ಡ್ ಎಂಬ ಕಂಪನಿ ಈಗಾಗಲೇ ಗಿರಾಕಿ ಕೇಳಿದ ವಿಟಮಿನ್‌ಗಳನ್ನು ಪದರ ಪದರವಾಗಿ ಪ್ರಿಂಟ್ ಮಾಡಿ ಗಮ್ಮಿ ರೂಪದಲ್ಲಿ ಮಾರುತ್ತಿದೆ. ಅದೂ ಮನೆಯಲ್ಲಿ ಅಲ್ಲ, ಅವರ ಫ್ಯಾಕ್ಟರಿಯಲ್ಲೇ ಮಾಡಿ ಮನೆಗೆ ಕಳಿಸುವುದು.